ಜಾಮೀನು ಯಾರು?

ಯುದ್ಧ ನಡೆಯುವ ನಾಡಿನಿಂದ ಓಡಿ ಬಂದವರನ್ನು ಒಳಗೆ ಬಿಟ್ಟುಕೊಳ್ಳಬೇಕೇ ಎಂಬ ಮಾತು ಎದ್ದಾಗ ಉಡುಪಿ, ಮಂಗಳೂರಿನ ಕಡೆ ಸಾಮಾನ್ಯವಾಗಿ ಕೇಳಿಬರುವುದು ಇಷ್ಟು: "ಪಾಪ ಹೌದು ಮಾರಾಯ್ರೇ, ಆದ್ರೆ ಅವರನ್ನು ನೋಡಿಕೊಳ್ಳುವವರು ಯಾರು?" ಕೆನಡಾದಲ್ಲಿದ್ದುಕೊಂಡು ಇದೇ ಚರ್ಚೆಯನ್ನು ಇನ್ನೊಂದು ಭಾಷೆಯಲ್ಲಿ ಕೇಳುವ ನನಗೆ ಈ ಪ್ರಶ್ನೆಯಲ್ಲಿ ಕಲ್ಲು ಮನಸ್ಸೇನೂ ಕಾಣುವುದಿಲ್ಲ. 1909ರಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದ ಜಿಲ್ಲೆ ನಮ್ಮದು. ಸೊಸೈಟಿಯಲ್ಲಿ ಸಾಲದ ಅರ್ಜಿ ಕೊಟ್ಟರೆ ಅರ್ಜಿದಾರ ಒಳ್ಳೆಯವನೋ ಕೆಟ್ಟವನೋ ಎಂದು ಯಾರೂ ಕೇಳುವುದಿಲ್ಲ, ಜಾಮೀನು ಯಾರು ಎಂದು ಕೇಳುತ್ತಾರೆ. ನಿರಾಶ್ರಿತರ ವಿಷಯದಲ್ಲೂ ಜನ ಕೇಳುತ್ತಿರುವುದು ಅದನ್ನೇ. ಉತ್ತರ ಸಿಕ್ಕಲ್ಲಿ ಜನಾಭಿಪ್ರಾಯ ಒಂದು ರೀತಿ ಇರುತ್ತದೆ, ಸಿಗದ ಕಡೆ ಇನ್ನೊಂದು ರೀತಿ.

1979ರ ಕೆನಡಾ ಇದಕ್ಕೆ ಒಳ್ಳೆಯ ಸಾಕ್ಷಿ. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸಿನಿಂದ ಜನ ಮುರುಕು ದೋಣಿಗಳಲ್ಲಿ ಸಮುದ್ರಕ್ಕಿಳಿದಿದ್ದ ಕಾಲ. ಹೆಚ್ಚು ಮಂದಿಯನ್ನು ಕರೆಸಿಕೊಳ್ಳಬೇಕೇ ಎಂದು ಸಮೀಕ್ಷೆ ಮಾಡಿದರೆ ಬಹುಮತದ ಉತ್ತರ ಬೇಡ ಎಂದೇ ಬರುತ್ತಿತ್ತು. ಆದರೆ ಅದೇ ಹೊತ್ತಿಗೆ ಚರ್ಚುಗಳು, ನೆರೆಹೊರೆಯ ಗುಂಪುಗಳು, ಕಚೇರಿಯ ಸಹೋದ್ಯೋಗಿಗಳು "ಈ ಒಂದು ಕುಟುಂಬಕ್ಕೆ ಒಂದು ವರ್ಷ ನಾವು ಹೊಣೆ" ಎಂದು ಬರೆದು ಸಹಿ ಹಾಕುತ್ತಿದ್ದವು. 1979-80ರಲ್ಲಿ ಬಂದ ಸುಮಾರು 60,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೀಗೆ ಖಾಸಗಿ ಜಾಮೀನಿನ ಮೇಲೆಯೇ ಬಂದವರು. 1986ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ತನ್ನ ನಾನ್ಸೆನ್ ಪದಕವನ್ನು ಒಬ್ಬ ವ್ಯಕ್ತಿಗೆ ಕೊಡದೆ ಕೆನಡಾದ ಜನತೆಗೇ ಕೊಟ್ಟಿತು. ಸಮೀಕ್ಷೆಯಲ್ಲಿ ಬೇಡ ಎಂದವರೂ ಸಹಿ ಹಾಕಿದವರೂ ಒಂದೇ ಊರಿನ ಜನ. ಲೆಕ್ಕವಿಲ್ಲದ ಗುಂಪನ್ನು ತಲೆಯಲ್ಲಿಟ್ಟುಕೊಂಡು ಕೊಡುವ ಉತ್ತರ ಬೇರೆ, ಹೆಸರು, ವಯಸ್ಸು, ಬರುವ ದಿನ ಗೊತ್ತಿರುವ ಐದು ಜನರ ಕುಟುಂಬಕ್ಕೆ ಕೊಡುವ ಉತ್ತರ ಬೇರೆ.

ಆ ಪದ್ಧತಿ ನಡೆಯುವ ಬಗೆಯನ್ನು ನಮ್ಮವರು ಸ್ವಲ್ಪ ಹತ್ತಿರದಿಂದ ನೋಡಬೇಕು. ಅತಿ ಸರಳ ರೂಪ ಐವರ ಗುಂಪು. ಐವರೂ 18 ದಾಟಿದವರು, ಪೌರರು ಇಲ್ಲವೇ ಪಿಆರ್ (ಕಾಯಂ ವಾಸದ ಹಕ್ಕು) ಇರುವವರು, ಕುಟುಂಬ ಬಂದು ನೆಲೆಸುವ ಊರಿನವರೇ ಆಗಿರಬೇಕು. ಬರುವವರು ನಿರಾಶ್ರಿತರು ಎಂದು ವಿಶ್ವಸಂಸ್ಥೆಯ ಸಂಸ್ಥೆಯೋ ಅವರು ಈಗಿರುವ ದೇಶವೋ ಮೊದಲೇ ಒಪ್ಪಿದ ಕಾಗದ ಬೇಕು. 12 ತಿಂಗಳ ಬಾಡಿಗೆ, ಊಟ, ಬಟ್ಟೆ, ಬಸ್ಸಿನ ಖರ್ಚನ್ನು ಗುಂಪು ತೋರಿಸಬೇಕು. ನಾಲ್ಕು ಜನರ ಕುಟುಂಬಕ್ಕೆ ಅದು 30,000 ಡಾಲರ್ ಆಸುಪಾಸಿಗೆ ನಿಲ್ಲುತ್ತದೆ. ಬರುವವರಿಂದ ಅಥವಾ ಅವರ ನೆಂಟರಿಂದ ಸ್ಪಾನ್ಸರ್ ಮಾಡಿದ್ದಕ್ಕೆಂದು ಒಂದು ಕಾಸೂ ಪಡೆಯುವಂತಿಲ್ಲ. ಹಣದ ಜೊತೆ ಒಂದು ಯೋಜನಾ ಪತ್ರವನ್ನೂ ಕೊಡಬೇಕು: ವಿಮಾನ ನಿಲ್ದಾಣಕ್ಕೆ ಹೋಗುವವರು ಯಾರು, ಮನೆ ಎಲ್ಲಿ, ವೈದ್ಯರ ಬಳಿ ಕರೆದೊಯ್ಯುವವರು ಯಾರು, ಮಕ್ಕಳನ್ನು ಶಾಲೆಗೆ ಸೇರಿಸುವವರು ಯಾರು.

ಮೊದಲ ವಾರದಲ್ಲೇ ಆಗಬೇಕಾದ್ದು ಸಿನ್ ನಂಬರ್ (ಕೆಲಸಕ್ಕೂ ಸರಕಾರಿ ಸೌಲಭ್ಯಕ್ಕೂ ಬೇಕಾದ ಗುರುತಿನ ಸಂಖ್ಯೆ), ಬ್ಯಾಂಕ್ ಖಾತೆ, ಆರೋಗ್ಯ ಕಾರ್ಡಿನ ಅರ್ಜಿ, ಮಕ್ಕಳ ಭತ್ಯೆಯ ಅರ್ಜಿ. ಆಮೇಲೆ ಭಾಷೆಯ ಮಟ್ಟದ ಪರೀಕ್ಷೆ, ತರಗತಿ. ತಪ್ಪುಗಳಾಗುವುದು ಚಿಕ್ಕ ಜಾಗಗಳಲ್ಲಿ. ದಾನಕ್ಕೆ ಬಂದ ಹಳೆಯ ಮೇಜು, ಕುರ್ಚಿ, ಪಾತ್ರೆ ನಡೆಯುತ್ತದೆ. ಹಳೆಯ ಹಾಸಿಗೆ ಮಾತ್ರ ಬೇಡ, ತಿಗಣೆ ಹೊಕ್ಕರೆ ಇಡೀ ಮನೆ ಖಾಲಿ ಮಾಡಿಸಬೇಕಾಗುತ್ತದೆ. ವೈದ್ಯರ ಮುಂದೆ ಹತ್ತು ವರ್ಷದ ಮಗುವನ್ನೇ ದುಭಾಷಿ ಮಾಡಿದರೆ ತಾಯಿ ತನ್ನ ನೋವನ್ನು ಅರ್ಧ ನುಂಗಿಕೊಳ್ಳುತ್ತಾಳೆ. ಆದಾಯ ಸೊನ್ನೆ ಇದ್ದರೂ ಏಪ್ರಿಲ್ 30ರೊಳಗೆ ತೆರಿಗೆ ವಿವರ ಸಲ್ಲಿಸಬೇಕು, ಸಲ್ಲಿಸದಿದ್ದರೆ ಜುಲೈಯಿಂದ ಮಕ್ಕಳ ಭತ್ಯೆಗೆ ಅಡ್ಡಿ ಬರುತ್ತದೆ. ಹಣವನ್ನು ಗುಂಪಿನ ಹಿರಿಯರು ತಮ್ಮ ಕೈಯಲ್ಲೇ ಇಟ್ಟುಕೊಂಡು ವಾರಕ್ಕಿಷ್ಟು ಎಂದು ಎಣಿಸಿ ಕೊಡುವುದು ಇನ್ನೊಂದು ತಪ್ಪು. ಎಲ್ಲವನ್ನೂ ಕಳೆದುಕೊಂಡು ಬಂದವರು ತಮ್ಮ ಮನೆಯ ಖರ್ಚನ್ನಾದರೂ ತಾವೇ ತೀರ್ಮಾನಿಸಲಿ.

ಇವೆಲ್ಲಕ್ಕಿಂತ ದೊಡ್ಡ ತಪ್ಪು ಮನೆಯದ್ದು. ಪ್ರೀತಿಯಿಂದ, ಒಳ್ಳೆಯ ಬಡಾವಣೆಯಲ್ಲಿ, ಸ್ವಲ್ಪ ದೊಡ್ಡ ಮನೆಯನ್ನೇ ಹಿಡಿಯುತ್ತಾರೆ. 12 ತಿಂಗಳು ಬಾಡಿಗೆ ಗುಂಪಿನದ್ದು, ತೊಂದರೆ ಕಾಣುವುದಿಲ್ಲ. ಹದಿಮೂರನೇ ತಿಂಗಳು ಬಾಡಿಗೆ ಕುಟುಂಬದ ತಲೆಗೆ ಬೀಳುತ್ತದೆ, ತಂದೆಯ ಅಂಗಡಿ ಕೆಲಸದ ಸಂಬಳದಲ್ಲಿ ಅದು ಹುಟ್ಟುವುದಿಲ್ಲ. ವಿಮಾನದ ಟಿಕೆಟಿಗೆ ಸರಕಾರದಿಂದ ಪಡೆದ ಸಾಲದ ಕಂತೂ ಒಂದು ವರ್ಷ ಕಳೆದ ಮೇಲೆಯೇ ಶುರುವಾಗುತ್ತದೆ. ಆ ಸಾಲಕ್ಕೆ ಬಡ್ಡಿ 2018ರಲ್ಲಿ ನಿಂತಿತು, ಅಸಲು ಕಟ್ಟಲೇಬೇಕು. ಅದಕ್ಕೇ ಅನುಭವಸ್ಥರು ಮನೆ ಹುಡುಕುವಾಗ ಮೊದಲ ತಿಂಗಳ ಬಾಡಿಗೆ ನೋಡುವುದಿಲ್ಲ, ಹದಿಮೂರನೇ ತಿಂಗಳ ಬಾಡಿಗೆ ನೋಡುತ್ತಾರೆ.

ಉಡುಪಿಯವರಿಗೆ ಇಂಥ ಕೆಲಸ ಹೊಸದಲ್ಲ. ಪರ್ಯಾಯದ ಮುಂಚೆ ಹೊರೆಕಾಣಿಕೆ ಬರುವುದನ್ನು ನೆನಪಿಸಿಕೊಳ್ಳಿ. ಊರೂರಿನಿಂದ ಅಕ್ಕಿ, ಬೆಲ್ಲ, ತೆಂಗಿನಕಾಯಿ, ತರಕಾರಿ ಮೆರವಣಿಗೆಯಲ್ಲಿ ಬಂದು ಉಗ್ರಾಣ ಸೇರುತ್ತದೆ. ಯಾವ ಊರು ಏನು ತಂದಿತು ಎಂಬುದಕ್ಕೆ ಲೆಕ್ಕ, ಬಡಿಸುವುದಕ್ಕೆ ತಂಡ, ಎಲೆ ತೆಗೆಯುವುದಕ್ಕೆ ತಂಡ. ಸಾವಿರಾರು ಜನರ ಹೊಟ್ಟೆಯ ಹೊಣೆಯನ್ನು ಹಂಚಿಕೊಂಡು ಹೊರುವ ಅಭ್ಯಾಸ ಈ ಮಣ್ಣಿನಲ್ಲಿ ಹಳೆಯದು. ಕೆನಡಾದ ಐವರ ಗುಂಪು ಮಾಡುವುದೂ ಹೊರೆಕಾಣಿಕೆಯೇ, ವರ್ಷಪೂರ್ತಿ ನಡೆಯುತ್ತದೆ ಅಷ್ಟೇ. ನಮ್ಮಲ್ಲಿ ಇಲ್ಲದಿರುವುದು ಅಂಥ ಹೊಣೆಗೆ ಸಹಿ ಹಾಕಿಸಿಕೊಳ್ಳುವ ಕಾನೂನು.

ಕೆನಡಾದ್ದೆಲ್ಲ ಚೆನ್ನ ಎಂಬುದು ನನ್ನ ವಾದವಲ್ಲ. ಅಲ್ಲಿನ ಜನರ ಮನಸ್ಸೂ ಈಚೆಗೆ ತಿರುಗಿದೆ. ವಲಸೆ ವಿಪರೀತವಾಯಿತು ಎನ್ನುವವರು ಎನ್ವಿರೋನಿಕ್ಸ್ ಎಂಬ ಅಲ್ಲಿನ ಸಂಸ್ಥೆಯ ಸಮೀಕ್ಷೆಯಲ್ಲಿ 2022ರಲ್ಲಿ ಶೇ. 27 ಇದ್ದರು, 2023ರಲ್ಲಿ ಶೇ. 44, 2024ರಲ್ಲಿ ಶೇ. 58. ಎರಡೇ ವರ್ಷದಲ್ಲಿ ಇಷ್ಟು ಏರಿಕೆಗೆ ದ್ವೇಷ ಒಂದೇ ಕಾರಣವೆಂದರೆ ತಪ್ಪಾಗುತ್ತದೆ. ಮನೆ ಬಾಡಿಗೆ ಕೈಮೀರಿತ್ತು. ವಿದ್ಯಾರ್ಥಿಗಳು, ತಾತ್ಕಾಲಿಕ ಕೆಲಸಗಾರರು, ನಿರಾಶ್ರಿತರು ಎಲ್ಲರೂ ಜನರ ಕಣ್ಣಿಗೆ ಒಂದೇ ಸಾಲಿನಲ್ಲಿ ನಿಂತವರಾದರು. 2023ರ ಬೇಸಿಗೆಯಲ್ಲಿ ಟೊರಾಂಟೊದಲ್ಲಿ ಆಶ್ರಯ ಕೇಳಿ ಬಂದವರು ಜಾಗವಿಲ್ಲದೆ ಫುಟ್‌ಪಾತಿನಲ್ಲಿ ಮಲಗಿದರು, ಖರ್ಚು ಯಾರದ್ದೆಂದು ನಗರವೂ ಕೇಂದ್ರವೂ ಜಗಳಾಡಿದವು. ಗುಂಪಿನ ಜಾಮೀನಿನ ಮೇಲೆ ಬಂದವರು ಒಂದು ಬಗೆ, ತಾವಾಗಿ ಬಂದು ಆಶ್ರಯ ಕೋರಿದವರು ಇನ್ನೊಂದು ಬಗೆ. ಎರಡನೆಯವರಿಗೂ ಕಾನೂನಿನ ಹಕ್ಕು ಉಂಟು, ಆದರೆ ಅವರಿಗೆ ಜಾಮೀನು ನಿಂತವರು ಯಾರೆಂಬುದು ನೆರೆಮನೆಯವರ ಕಣ್ಣಿಗೆ ಬೀಳಲಿಲ್ಲ. ಖಾಸಗಿ ಅರ್ಜಿಗಳ ರಾಶಿಯೂ ಬೆಳೆದು, 2024ರ ನವೆಂಬರ್ 29ರಿಂದ ಐವರ ಗುಂಪುಗಳ ಹೊಸ ಅರ್ಜಿ ತೆಗೆದುಕೊಳ್ಳುವುದನ್ನೇ ಸರಕಾರ ತಡೆಹಿಡಿಯಿತು. ಸಹಿ ಹಾಕಲು ಜನ ತಯಾರಿದ್ದರೂ ಕಡತ ವಿಲೇವಾರಿ ಮಾಡುವ ಕೈ ಸಾಲದಿದ್ದರೆ ಪದ್ಧತಿ ಉಸಿರುಗಟ್ಟುತ್ತದೆ.

"ಬಾಡಿಗೆ ಏರ್ತದೆ, ಕೆಲಸ ಹೋಗ್ತದೆ" ಎಂಬ ಮಂಗಳೂರಿನ ಮಾತನ್ನೂ ಹಾಗೆಯೇ ಗೌರವದಿಂದ ಕೇಳಿಸಿಕೊಳ್ಳಬೇಕು. ಆದರೆ "ಶ್ರೀಮಂತ ದೇಶಗಳು ನೋಡಿಕೊಳ್ಳಲಿ, ನಮಗ್ಯಾಕೆ" ಎಂಬ ಮಾತಿಗೆ ಆಧಾರವಿಲ್ಲ. 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರು 12.32 ಕೋಟಿ. ಅವರಲ್ಲಿ ದೇಶದ ಗಡಿ ದಾಟಿದ ನಿರಾಶ್ರಿತರ ಪೈಕಿ ಶೇ. 73 ಮಂದಿ ಇದ್ದುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ, ಹೆಚ್ಚಿನವರು ನೆರೆ ದೇಶದಲ್ಲೇ.

ನೆರೆ ದೇಶ ಬಾಗಿಲು ತೆರೆಯುವುದೆಂದರೆ ಏನೆಂದು ಕರಾವಳಿಯ ಮನೆಗಳಿಗೆ ಗೊತ್ತು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ಅಲ್ಲಿದ್ದ ಭಾರತೀಯರಲ್ಲಿ ನಮ್ಮ ಎರಡೂ ಜಿಲ್ಲೆಗಳವರಿದ್ದರು. ಬಸ್ರಾ, ಬಾಗ್ದಾದ್ ದಾಟಿ ಬಸ್ಸಿನಲ್ಲಿ ಜೋರ್ಡಾನಿನ ಅಮ್ಮಾನಿಗೆ ದಾರಿ. ಮರಳುಗಾಡಿನ ಡೇರೆಗಳಲ್ಲಿ ಸರದಿ ಕಾದು, ಎರಡು ತಿಂಗಳ ಅವಧಿಯಲ್ಲಿ ಏರ್ ಇಂಡಿಯಾದ ಸುಮಾರು 500 ಹಾರಾಟಗಳಲ್ಲಿ ಒಂದೂಮುಕ್ಕಾಲು ಲಕ್ಷದಷ್ಟು ಜನ ಮರಳಿದರು. ಜೋರ್ಡಾನ್ ಬಡ ದೇಶ. ಅದು ಗಡಿ ಮುಚ್ಚಿಯೇ ಕೂತಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಜೋರ್ಡಾನಿಗಿದ್ದ ಧೈರ್ಯವೂ ಒಂದೇ: ಇವರಿಗೆ ಒಂದು ದೇಶ ಉಂಟು, ಅದು ವಿಮಾನ ಕಳಿಸುತ್ತದೆ. ಹಾಗೆ ಕಳಿಸುವ ದೇಶ ಇಲ್ಲದವನೇ ನಿರಾಶ್ರಿತ. ಸಿರಿಯಾದವನಿಗೂ ಸುಡಾನಿನವನಿಗೂ ನಮಗೂ ಇರುವ ವ್ಯತ್ಯಾಸ ಆ ಒಂದು ಜಾಮೀನಿನದ್ದು.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತ ಎಂದರೆ ಯಾರು ಎಂದು ಹೇಳುವ ಕಾನೂನೂ ಮಾಡಿಲ್ಲ. ಹಾಗೆಂದು ಜನರನ್ನು ಹೊರಗಟ್ಟಿದ ದೇಶವೂ ಇದಲ್ಲ. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ 3,000 ಎಕರೆಯಷ್ಟು ಕಾಡು ಕೊಟ್ಟಿತು, ಟಿಬೆಟಿನವರು ಕಡಿದು ಮೆಕ್ಕೆಜೋಳ ಬಿತ್ತಿದರು. ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲೂ ವಸತಿಗಳಾದವು. ಜಮೀನು ಸಿಕ್ಕಿತು, ಆದರೆ ನೋಂದಣಿ ಕಾರ್ಡನ್ನು ನವೀಕರಿಸುತ್ತಲೇ ಇರಬೇಕಾದ ಸ್ಥಿತಿ ಮೊಮ್ಮಕ್ಕಳ ಕಾಲಕ್ಕೂ ಉಳಿಯಿತು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರವೇ ಭಾರತದ ಪೌರರು ಎಂಬುದನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ಎತ್ತಿ ಹೇಳಬೇಕಾಯಿತು.

ದಕ್ಷಿಣ ಕನ್ನಡದವರು ಚರ್ಚಿಸಬೇಕಾದ ಉದಾಹರಣೆ ಮಾತ್ರ ಇನ್ನೂ ಹತ್ತಿರದ್ದು: ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳು. ಬ್ರಿಟಿಷರು ಸಿಲೋನಿನ (ಈಗಿನ ಶ್ರೀಲಂಕಾ) ಚಹಾ ತೋಟಗಳಿಗೆ ಒಯ್ದ ತಮಿಳು ಕೂಲಿಗಳ ಮಕ್ಕಳು, ಮೊಮ್ಮಕ್ಕಳು ಅಲ್ಲಿನ 1948ರ ಪೌರತ್ವ ಕಾಯ್ದೆಯಿಂದ ಪೌರತ್ವವಿಲ್ಲದವರಾದರು. 1964ರ ಅಕ್ಟೋಬರಿನಲ್ಲಿ ಎರಡೂ ದೇಶಗಳ ಪ್ರಧಾನಿಗಳಾದ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಕೂತು 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ ಎಂದು ಹಂಚಿದರು. ಉಳಿದ 1,50,000 ಜನರನ್ನು 1974ರಲ್ಲಿ ಅರ್ಧರ್ಧ ಮಾಡಿದರು. ತಲೈಮನ್ನಾರಿನಿಂದ ಹಡಗಿನಲ್ಲಿ ರಾಮೇಶ್ವರ, ಅಲ್ಲಿಂದ ಮಂಡಪಂ ಶಿಬಿರ, ಕೈಯಲ್ಲೊಂದು ಫ್ಯಾಮಿಲಿ ಕಾರ್ಡ್. ಅವರಲ್ಲಿ ಒಂದು ಪಾಲು ಜನರನ್ನು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ತಂದು ಕೂರಿಸಿದರು.

ಚಹಾ ಚಿಗುರು ಕೀಳುತ್ತಿದ್ದ ಕೈಗಳು ಟ್ಯಾಪಿಂಗ್, ಅಂದರೆ ತೊಗಟೆ ಕೆತ್ತಿ ರಬ್ಬರ್ ಹಾಲು ಇಳಿಸುವುದನ್ನು, ಕಲಿತವು. ಬಿಸಿಲೇರಿದರೆ ಹಾಲು ಬೇಗ ನಿಲ್ಲುತ್ತದೆ, ಆದ್ದರಿಂದ ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಡಬೇಕು. ಒಂದು ಬ್ಲಾಕಿನಲ್ಲಿ ಸುಮಾರು 300 ಮರ. ಎಡದಿಂದ ಬಲಕ್ಕೆ ಇಳಿಜಾರಾಗಿ, ಒಂದೂವರೆ ಮಿಲಿಮೀಟರಿನಷ್ಟೇ ತೊಗಟೆ ತೆಗೆಯಬೇಕು. ಕತ್ತಿ ಆಳಕ್ಕೆ ಹೋಗಿ ಮರಕ್ಕೆ ತಾಗಿದರೆ ಗಾಯವಾಗಿ ಗಂಟು ಕಟ್ಟುತ್ತದೆ, ಮುಂದೆ ಹೊಸ ತೊಗಟೆ ಬಂದಾಗ ಅಲ್ಲಿ ಸಮನಾಗಿ ಕೆತ್ತಲಾಗದು. ಕತ್ತಿ ತೊಗಟೆಯ ಮೇಲ್ಪದರದಲ್ಲೇ ನಿಂತರೆ ಹಾಲೇ ಇಲ್ಲ. ಮಳೆಗಾಲಕ್ಕೆ ಪ್ಲಾಸ್ಟಿಕ್ ಕಟ್ಟದಿದ್ದರೆ ಕಪ್ಪಿನಲ್ಲಿ ನೀರು ತುಂಬಿ ಅಂದಿನ ದುಡಿಮೆ ಹೋಯಿತು. ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದವರನ್ನು ಯಾರ ಕೆಲಸ ಕಸಿದವರೆಂದು ಹೇಳೋಣ?

ಕೆಲಸ ಕೊಟ್ಟು ಕ್ವಾಟ್ರಸ್ ಕೊಟ್ಟರೆ ಹೊಣೆ ಮುಗಿಯಿತು ಎಂದುಕೊಂಡದ್ದೇ ಅಲ್ಲಿ ಆದ ತಪ್ಪು. ಕ್ವಾಟ್ರಸ್ ಕೆಲಸಕ್ಕೆ ಅಂಟಿಕೊಂಡದ್ದು, ನಿವೃತ್ತಿಯಾದ ದಿನವೇ ಆ ಮನೆಯ ಹದಿಮೂರನೇ ತಿಂಗಳು. ಜಾತಿ ಪ್ರಮಾಣಪತ್ರದ್ದು ಇನ್ನೂ ದೊಡ್ಡ ಗಂಟು. ಪರಿಶಿಷ್ಟ ಜಾತಿಯ ಪಟ್ಟಿ ರಾಜ್ಯವಾರು, ಮತ್ತು 1950ರ ಆಗಸ್ಟ್ 10ರಂದು ಹಿರಿಯರ ಕಾಯಂ ವಾಸ ಎಲ್ಲಿತ್ತು ಎಂಬುದರ ಮೇಲೆ ಅದು ನಿಲ್ಲುತ್ತದೆ. ಆ ದಿನ ಇವರ ಹಿರಿಯರು ಸಿಲೋನಿನ ತೋಟದ ಲೈನ್ ಮನೆಗಳಲ್ಲಿದ್ದರು. ಸರಕಾರವೇ ಒಪ್ಪಂದ ಮಾಡಿ ಕರೆತಂದ, ಕಾನೂನಿನ ಪ್ರಕಾರ ನಿರಾಶ್ರಿತರೂ ಅಲ್ಲದ, ಭಾರತೀಯ ಪೌರರೇ ಆದ ಜನರ ಗತಿ ಇದು. ನಿಗಮ ಕೆಲಸ ಕೊಟ್ಟಿತು, ಒಪ್ಪಂದ ಪೌರತ್ವ ಕೊಟ್ಟಿತು, ಮನೆ ಮತ್ತು ಕಾಗದಕ್ಕೆ ಜಾಮೀನು ನಿಂತವರು ಇಲ್ಲ.

2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿಯ ಗಲಾಟೆಯಲ್ಲಿ ಪೊಲೀಸರ ಗುಂಡಿಗೆ ಮಂಗಳೂರಿನಲ್ಲಿ ಇಬ್ಬರು ಸತ್ತರು. ಆಮೇಲಿಂದ ಇಲ್ಲಿ ಈ ಮಾತು ಎತ್ತಿದರೆ ಬಂದವನ ಧರ್ಮ ಯಾವುದು ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಆ ತಿದ್ದುಪಡಿ ಮೂರು ದೇಶಗಳ ಆರು ಧರ್ಮದವರಿಗೆ ಮಾತ್ರ, ಶ್ರೀಲಂಕಾದಿಂದ ಬಂದ ತಮಿಳರು ಅದರಲ್ಲಿ ಸೇರಿಲ್ಲ. ಧರ್ಮ ಕೇಳಿ ಬಾಗಿಲು ತೆರೆಯುವುದು ನನಗೆ ಒಪ್ಪಿಗೆಯಿಲ್ಲ. ಜೀವಭಯ ನಿಜವೇ, ಹಿನ್ನೆಲೆ ಪರಿಶೀಲನೆ ಆಗಿದೆಯೇ, ಮೊದಲ ವರ್ಷ ಹೊಣೆ ಯಾರದ್ದು, ದುಡಿಯಲು ಪರವಾನಗಿ ಯಾವಾಗ ಸಿಗುತ್ತದೆ: ಕಾನೂನು ಕೇಳಬೇಕಾದ್ದು ಇವುಗಳನ್ನು. ನಮ್ಮ ಸಂಘ, ದೇವಸ್ಥಾನ, ಇಗರ್ಜಿ, ಮಸೀದಿಗಳಿಗೆ ಒಂದೊಂದು ಕುಟುಂಬದ ಹೊಣೆ ಹೊರುವ ಶಕ್ತಿ ಉಂಟು. ಬರುವವರು ಆರು ತಿಂಗಳಲ್ಲಿ ಅಂಗಡಿ ವ್ಯವಹಾರಕ್ಕಾಗುವಷ್ಟು ಕನ್ನಡ ಕಲಿಯಬೇಕು ಎಂದು ಷರತ್ತು ಹಾಕುವುದೂ ನ್ಯಾಯವೇ, ಕಲಿಸುವವರನ್ನು ಕೊಟ್ಟ ಮೇಲೆ.

ಆ ಕಾನೂನು ದಿಲ್ಲಿಯಲ್ಲಿ ಆಗಬೇಕು, ಯಾವಾಗಲೋ. ಸುಳ್ಯದ್ದಕ್ಕೆ ದಿಲ್ಲಿಯವರೆಗೆ ಹೋಗಬೇಕಾಗಿಲ್ಲ. ತೋಟದ ಕಾಲೊನಿಗಳಿಗೇ ಗ್ರಾಮ ಆಡಳಿತಾಧಿಕಾರಿಯನ್ನು ಒಂದು ವಾರ ಕೂರಿಸಿ, ಫ್ಯಾಮಿಲಿ ಕಾರ್ಡ್, ಮಕ್ಕಳ ಶಾಲಾ ದಾಖಲೆ, ನಿಗಮದ ಹಾಜರಿ ಪುಸ್ತಕ ಮೂರನ್ನೂ ಎದುರಿಗಿಟ್ಟುಕೊಂಡು ಮನೆಮನೆಯ ಹೆಸರು ಹೊಂದಿಸಬಹುದು, ನಿವೃತ್ತರಿಗೆ ನಿವೇಶನದ ಪಟ್ಟಿ ಮಾಡಬಹುದು. ನಾಲ್ಕೈದು ದಶಕ ಹಳೆಯ ಆ ಕಾರ್ಡುಗಳ ಕಾಗದ ಮಡಿಕೆಯಲ್ಲೇ ಹರಿಯುವಂಥದ್ದು. ಹೆಸರು ಇನ್ನೂ ಓದಲು ಬರುವಾಗಲೇ ದೃಢೀಕರಿಸಿದ ನಕಲೊಂದನ್ನು ತಾಲೂಕು ಕಚೇರಿಯಲ್ಲಿ ಇಡಿಸಬೇಕು.