ಮಾಲು ವಾಪಸ್ ಬಂತಾ?

ನಾನು ಮಾಡುವ ಕೆಲಸ ನಮ್ಮ ಮನೆಯಲ್ಲಿ ಸರಿಯಾಗಿ ಅರ್ಥವಾಗಿರುವುದು ದೊಡ್ಡಪ್ಪನಿಗೆ ಮಾತ್ರ. ಅವರು ಕಂಪ್ಯೂಟರ್ ಮುಟ್ಟಿದವರಲ್ಲ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಇಟ್ಟವರು.

ಅವ್ವನಿಗೆ ಇವತ್ತಿಗೂ ಗೊಂದಲ. "ಐಟಿ ಕಾಂಟ್ರ್ಯಾಕ್ಟರ್" ಅಂತ ನೆಂಟರಿಗೆ ಹೇಳಿದರೆ ಅವರ ಕಿವಿಗೆ ಬೀಳುವುದು ಕಾಂಟ್ರ್ಯಾಕ್ಟರ್ ಅನ್ನುವುದೊಂದೇ. ನಮ್ಮೂರಲ್ಲಿ ಕಾಂಟ್ರ್ಯಾಕ್ಟರ್ ಅಂದರೆ ಬಿಳಿ ಅಂಗಿ, ಬೊಲೆರೊ, ಅರ್ಧ ಆಗಿ ನಿಂತ ರಸ್ತೆ. ಹೋದ ವರ್ಷ ಒಂದು ಮದುವೆಯಲ್ಲಿ ಹರಿಹರದ ಕಡೆಯವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು "ನಮ್ಮ ಓಣಿ ಚರಂಡಿದು ಎಷ್ಟಕ್ಕೆ ಮಾಡಿಕೊಡ್ತೀರಿ?" ಅಂತ ಕೇಳಿದರು. ಆಗ ದೊಡ್ಡಪ್ಪ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಬಿಡಿಸಿ ಹೇಳಿದರು. "ಅಲ್ರೀ, ಖರೀದಿದಾರ ಅಮೆರಿಕದಲ್ಲಿ ಇರ್ತಾನೆ. ದಲಾಲಿ ಬೆಂಗಳೂರಲ್ಲಿ ಇರ್ತಾನೆ. ಇವನು ಮಾಲು. ಸ್ಯಾಂಪಲ್ ಕಳಿಸ್ತಾರೆ, ಅವರು ಕಡಿದು ನೋಡ್ತಾರೆ."

ಇದಕ್ಕಿಂತ ಚೆನ್ನಾಗಿ ನಮ್ಮ ವೆಂಡರ್ (ದೊಡ್ಡಪ್ಪ ಹೇಳಿದ ಆ ಬೆಂಗಳೂರಿನ ದಲಾಲಿ) ಕೂಡ ಹೇಳಿಲ್ಲ.

ಪರ್ಮನೆಂಟ್ ಕೆಲಸದವರಿಗೆ ಇಂಟರ್‌ವ್ಯೂ ಒಂದು ಸಲ ಮುಗಿದರೆ ಮುಗೀತು. ನನ್ನದು ಆರು ತಿಂಗಳು, ಎಂಟು ತಿಂಗಳ ಒಪ್ಪಂದ. ಅದು ಮುಗಿಯಿತು ಅಂದರೆ ಮತ್ತೆ ಮೊದಲಿನಿಂದ. ವೆಂಡರ್ ರೌಂಡ್, ಟೆಕ್ನಿಕಲ್ ರೌಂಡ್, ಕ್ಲೈಂಟ್ ರೌಂಡ್. ಒಂದೇ ಕಾಳನ್ನು ಎಷ್ಟು ಜನ ಕಡಿಯಬೇಕು? ಇಷ್ಟೆಲ್ಲಾ ಕಡಿಸಿಕೊಂಡು ಹೋದ ಹಿಂದಿನ ಒಪ್ಪಂದದಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅಂದರೆ, ಒಂದು ಬಟನ್ನನ್ನು ಎಡಗಡೆಯಿಂದ ಬಲಗಡೆಗೆ ಸರಿಸಿದ್ದು. ಎರಡು ತಿಂಗಳಾದ ಮೇಲೆ ಅದನ್ನೇ ಎಡಕ್ಕೆ ವಾಪಸ್ ತಂದದ್ದು.

ಈ ಸಲ ಶುರುವಾದದ್ದೇ ರೆಸ್ಯೂಮೆಯಿಂದ. ನಾನು ಬರೆದು ಕಳಿಸಿದ್ದು ಎರಡು ಪುಟ. ಕ್ಲೈಂಟ್ ಕೈ ಸೇರುವಾಗ ಅದು ಐದು ಪುಟ ಆಗಿತ್ತು. ವೆಂಡರ್ ನನಗೆ ಕಾಫ್ಕಾ ಅನ್ನುವ ಸಾಫ್ಟ್‌ವೇರಿನಲ್ಲಿ ಮೂರು ವರ್ಷದ ಅನುಭವ ದಯಪಾಲಿಸಿದ್ದ. ನಾನು ಕಾಫ್ಕಾ ನೋಡಿದ್ದು ಪಕ್ಕದ ಟೀಮಿನವರ ಸ್ಕ್ರೀನಿನಲ್ಲಿ, ಅದೂ ಅವರು ಅದನ್ನು ಬೈಯುತ್ತಿದ್ದಾಗ. ದೊಡ್ಡಪ್ಪನಿಗೆ ಹೇಳಿದೆ. "ಚೀಲದ ಬಾಯಿಗೆ ಒಳ್ಳೇ ಕಾಳು ಹಾಕೋದು ಇದ್ದದ್ದೇ. ಆದ್ರೆ ಖರೀದಿದಾರ ಕೊಳವೆ ಚುಚ್ಚಿ ಮಧ್ಯದ ಕಾಳು ತೆಗೀತಾನೆ, ಹುಷಾರು" ಅಂದರು.

ಕೊಳವೆ ಚುಚ್ಚುವ ದಿನ ಬಂತು. ಅಮೆರಿಕದ ಪೂರ್ವ ತೀರದ ಕ್ಲೈಂಟು. ಅವರ ಬೆಳಗಿನ 10 ಗಂಟೆ ನಮ್ಮ ರಾತ್ರಿ 8:30. ಫೆಬ್ರವರಿ ಪೂರ್ತಿ ಇದೇ ಲೆಕ್ಕದಲ್ಲಿ ಮಾತಾಡಿದ್ದೆವು. ಇನ್ನೂ ಟೈಮಿದೆಯಲ್ಲ ಅಂತ 7:30ಕ್ಕೆ ನಾನು ಪಿ.ಬಿ. ರಸ್ತೆಯ ಪಕ್ಕ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಿಂತಿದ್ದೆ. ಮೊಬೈಲ್ ಸೈಲೆಂಟಲ್ಲಿತ್ತು. ಮನೆಗೆ ಬಂದು ನೋಡಿದರೆ ಒಂಬತ್ತು ಮಿಸ್ಡ್ ಕಾಲ್. ಆ ದೇಶದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರಂತೆ. ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ನಮ್ಮ ಮನೆಯಲ್ಲಿ ಗಡಿಯಾರ ಮುಟ್ಟುವುದು ಸೆಲ್ ಹಾಕುವಾಗ ಮಾತ್ರ.

ವೆಂಡರ್ ಏನೋ ಸುಳ್ಳು ಹೇಳಿ (ನನಗೆ ಜ್ವರ ಬಂದಿತ್ತು ಅಂತ ಆಮೇಲೆ ಗೊತ್ತಾಯಿತು) ಮಾರನೇ ದಿನಕ್ಕೆ ಹಾಕಿಸಿದ. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಲುಂಗಿ. 7:15ಕ್ಕೇ ಕೂತೆ. ಮನೆಯಲ್ಲಿ ವೈಫೈ ಚೆನ್ನಾಗಿ ಸಿಗುವುದು ಅಜ್ಜಿಯ ಕೋಣೆಯಲ್ಲಿ. ಹಾಗಾಗಿ ಅಲ್ಲೇ.

"ಲ್ಯಾಪ್‌ಟಾಪ್ ಎತ್ತಿ ಕೋಣೆ ಪೂರ್ತಿ ತೋರಿಸಿ" ಅಂದ ಎದುರಿನವನು. ಈಗ ಇದು ಮಾಮೂಲು. ಪಕ್ಕದಲ್ಲಿ ಯಾರನ್ನೋ ಕೂರಿಸಿಕೊಂಡು ಉತ್ತರ ಹೇಳಿಸಿಕೊಳ್ಳುವವರು ಜಾಸ್ತಿಯಾಗಿದ್ದಾರೆ. ತಿರುಗಿಸಿದೆ. ಗೋಡೆ. ಕಪಾಟು. ತಾರಸಿಯಿಂದ ಇಳಿಸಿ ತಂದ ಸಂಡಿಗೆಯ ಮೊರ. ಮಂಚದ ಮೇಲೆ ಕಂಬಳಿ ಹೊದ್ದ ಅಜ್ಜಿ. ಅಜ್ಜಿ ಸ್ಕ್ರೀನಿನಲ್ಲಿ ಮುಖ ಕಂಡದ್ದೇ "ಊಟ ಆಯ್ತೇನಪ್ಪಾ?" ಅಂದಳು.

ಅವನಿಗೆ ಕನ್ನಡ ಬಾರದು. ಅಜ್ಜಿಯನ್ನು ಹೊರಗೆ ಕಳಿಸಿ ಅಂದ. ಮಂಡಿ ನೋವು, ಏಳಲಾಗಲ್ಲ ಅಂದೆ. ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು "ಓಕೆ" ಅಂದ.

ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬೈನರಿ ಸರ್ಚ್ ಬರೆಯಲು ಹೇಳಿದ. ವಿಂಗಡಿಸಿಟ್ಟ ಪಟ್ಟಿಯನ್ನು ಮಧ್ಯಕ್ಕೆ ಸೀಳುತ್ತಾ ಹೋಗಿ ಹುಡುಕುವುದು. ಕಾಲೇಜಿನಲ್ಲೇ ಬಾಯಿಪಾಠ. ಕೆಳತುದಿ, ಮೇಲ್ತುದಿ ಕೂಡಿಸಿ ಎರಡರಿಂದ ಭಾಗಿಸಿದರೆ ಮಧ್ಯ ಸಿಕ್ಕಿತು. ಐದೇ ನಿಮಿಷದಲ್ಲಿ ಬರೆದು ಕೈ ಕಟ್ಟಿ ಕೂತೆ.

"ಇದರಲ್ಲೊಂದು ತಪ್ಪಿದೆ" ಅಂದ.

ನೋಡಿದೆ. ಕಾಣಲಿಲ್ಲ. ಮತ್ತೆ ನೋಡಿದೆ. ಅಡುಗೆಮನೆಯಲ್ಲಿ ಕುಕ್ಕರ್ ಎರಡನೇ ಸೀಟಿ ಹೊಡೆಯಿತು. ಆ ಮೌನದಲ್ಲಿ ಹಿಂದಿನಿಂದ ಅಜ್ಜಿ, ಓಣಿಗೆಲ್ಲ ಕೇಳುವ ಹಾಗೆ: "ಹೇಳಿಬಿಡೋ, ಯಾಕ್ ಸುಮ್ನೆ ಕೂತೀಯಾ?"

ಅವನು ನೆಟ್ಟಗೆ ಕೂತ. "ಅವರು ಏನು ಹೇಳಿಕೊಟ್ಟರು?"

"ಏನೂ ಹೇಳಿಕೊಡಲಿಲ್ಲ ಸರ್. ಉತ್ತರ ಹೇಳು ಅಂದರು."

"ಯಾವ ಉತ್ತರ?"

ಎಂಬತ್ತು ದಾಟಿದ, ಜಾವಾ ಬಿಡಿ, ರಿಮೋಟು ಕೂಡ ಹಿಡಿಯದ ಅಜ್ಜಿಯ ಪರವಾಗಿ ನಾನು ಐದು ನಿಮಿಷ ಇಂಗ್ಲಿಷಿನಲ್ಲಿ ವಾದ ಮಾಡಿದೆ. ಅವನು ಏನೋ ಟೈಪ್ ಮಾಡಿಕೊಳ್ಳುತ್ತಲೇ ಇದ್ದ. ಕಾಫ್ಕಾ ಕೇಳುವುದನ್ನೇ ಮರೆತ. ಅಷ್ಟರ ಮಟ್ಟಿಗೆ ಅಜ್ಜಿಯ ಉಪಕಾರ.

ರಾತ್ರಿ ಹುಡುಕಿ ತಿಳಿದುಕೊಂಡೆ. ಎರಡು ದೊಡ್ಡ ಸಂಖ್ಯೆ ಕೂಡಿಸಿದಾಗ ಮೊತ್ತ 2,147,483,647 ದಾಟಿದರೆ ಅದು ಜಾವಾದ ಇಂಟ್‌ನಲ್ಲಿ (ಪೂರ್ಣ ಸಂಖ್ಯೆ ಇಡುವ ಡಬ್ಬಿ) ಹಿಡಿಸುವುದಿಲ್ಲ, ಮೈನಸ್ಸಿಗೆ ತಿರುಗುತ್ತದೆ. ಕೂಡಿಸುವ ಬದಲು ಎರಡರ ವ್ಯತ್ಯಾಸದ ಅರ್ಧವನ್ನು ಕೆಳತುದಿಗೆ ಸೇರಿಸಿದರೆ ಸರಿಹೋಗುತ್ತದೆ. ಇದೇ ತಪ್ಪು ಜಾವಾದ ಸ್ವಂತ ಲೈಬ್ರರಿಯಲ್ಲೇ (ಅದರ ಜೊತೆಗೇ ಬರುವ ಸಿದ್ಧ ಕೋಡಿನಲ್ಲಿ) ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿತ್ತಂತೆ. 2006ರಲ್ಲಿ ಅದನ್ನು ಬರೆದವರೇ ಒಪ್ಪಿಕೊಂಡರು. ಅವರಿಗೆ ಒಂಬತ್ತು ವರ್ಷ, ನನಗೆ ಕುಕ್ಕರಿನ ಎರಡು ಸೀಟಿಯಷ್ಟು ಹೊತ್ತು. ಅದೂ ಪಟ್ಟಿಯಲ್ಲಿ 107 ಕೋಟಿಗೂ ಹೆಚ್ಚು ಸಾಲು ಇದ್ದರೆ ಮಾತ್ರ ಬರುವ ತೊಂದರೆ. ಈ ಕ್ಲೈಂಟಿನ ಬಳಿ ಇದ್ದದ್ದು ನಾಲ್ಕು ಸಾವಿರ ಅಂಗಡಿಗಳ ಪಟ್ಟಿ.

ವಾರ ಕಳೆಯಿತು. ವೆಂಡರ್ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಇನ್ನೊಬ್ಬ ವೆಂಡರ್ ಭಾರೀ ಉತ್ಸಾಹದಿಂದ ಕರೆ ಮಾಡಿ "ನಿಮಗಾಗಿಯೇ ಇರೋ ಕೆಲಸ" ಅಂತ ಅದೇ ಕ್ಲೈಂಟಿನ ಅದೇ ಕೆಲಸ ವರ್ಣಿಸಿದ. ಒಂದೇ ಹೆಸರು ಇಬ್ಬರು ದಲಾಲಿಗಳಿಂದ ಹೋದರೆ ಸಾಮಾನ್ಯವಾಗಿ ಇಬ್ಬರದ್ದೂ ಕಸದ ಬುಟ್ಟಿಗೆ. ಆಗಲೇ ಹೋಗಿ ಬಂದಿದ್ದೀನಿ ಮಾರಾಯ ಅಂದೆ. ಕೊನೆಗೆ ಮೊದಲನೆಯವನಿಂದ ಒಂದು ಮೆಸೇಜ್ ಬಂತು.

ಭಾನುವಾರ ಬೆಣ್ಣೆ ದೋಸೆ ತಿನ್ನಲು ಹೋದಾಗ ದೊಡ್ಡಪ್ಪ ಸಿಕ್ಕರು. ಪಕ್ಕದ ಕುರ್ಚಿ ಎಳೆದು ಕೂರಿಸಿಕೊಂಡರು.

"ಮಾಲು ವಾಪಸ್ ಬಂತಾ?"

"ಬಂತು, ದೊಡ್ಡಪ್ಪ."

"ಏನಂದ್ರು? ತೇವ ಜಾಸ್ತಿ ಅಂದ್ರಾ?"

"ಇಲ್ಲ. ನಿಮ್ಮವ್ವ ಜಾಸ್ತಿ ಅಂದ್ರು."