ಅದು ನಿಜವಾದ ಬೆಂಕಿನಾ?

ಅಮೆರಿಕದಲ್ಲಿ ಬೇಸಿಗೆ ರಜೆ ಬಂತೆಂದರೆ ಓದುವ ಮಕ್ಕಳೆಲ್ಲ ಇಂಟರ್ನ್‌ಶಿಪ್ ಹಿಡಿಯುತ್ತಾರೆ. ಕಂಪ್ಯೂಟರ್ ಓದುವವರಿಗೆ ಏಸಿ ಆಫೀಸು, ಬಿಟ್ಟಿ ಕಾಫಿ. ಮ್ಯೂಸಿಯಂ ವಿಷಯ ಓದುವ ನನಗೆ ಸಿಕ್ಕಿದ್ದು ಪೆನ್ಸಿಲ್ವೇನಿಯಾದ ಒಂದು ಹಳೇ ತೋಟದಮನೆ, ಸೌದೆ ಒಲೆ, ಒಂದಿಷ್ಟು ಕೋಳಿ. 1790ರ ರೈತ ಹೆಂಗಸಿನ ವೇಷ ಹಾಕಿಕೊಂಡು, ಟಿಕೆಟ್ ತಗೊಂಡು ಬಂದವರಿಗೆ ಆ ಕಾಲದ ಬದುಕು ತೋರಿಸಬೇಕು. ಇದೇನು ಅಮೆರಿಕದವರ ಐಡಿಯಾ ಅಲ್ಲ. 1891ರಲ್ಲೇ ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಅನ್ನೋ ಬಯಲು ಮ್ಯೂಸಿಯಂ ತೆರೆದು, ಹಳೇ ಮನೆಗಳನ್ನು ಕಿತ್ತು ತಂದು ನಿಲ್ಲಿಸಿ, ಒಳಗೆ ಹಳೇ ಉಡುಪಿನ ಜನರನ್ನೂ ಇಟ್ಟಿದ್ದರು. ಸ್ವೀಡನ್ನಿನವರಿಗೇನು ಬಿಡಿ, ಅಲ್ಲಿ ಬೇಸಿಗೆಯೂ ತಂಪು.

ಇಲ್ಲಿ ಮೊದಲು ಲಿನನ್ ಶಿಫ್ಟ್, ಅಂದರೆ ಉದ್ದನೆಯ ಒಳಅಂಗಿ. ಅದರ ಮೇಲೆ ಸ್ಟೇಸ್, ಎದೆಯಿಂದ ಸೊಂಟದ ತನಕ ದಾರ ಎಳೆದು ಬಿಗಿಯುವ ಗಟ್ಟಿ ಕುಪ್ಪಸ. ಆಮೇಲೆ ಲಂಗದ ಮೇಲೆ ಲಂಗ, ಗೌನು, ಏಪ್ರನ್, ತಲೆಗೆ ಟೋಪಿ. ಜಿಪ್ ಇನ್ನೂ ಹುಟ್ಟಿಲ್ಲವಲ್ಲ, ಗುಂಡುಪಿನ್ನೇ ಗತಿ. ಸ್ಟೇಸ್ ಹಾಕಿದ ಮೇಲೆ ಸೊಂಟ ಬಗ್ಗುವುದಿಲ್ಲ. ಸೌಟು ಬಿದ್ದರೆ ಬೆನ್ನು ನೆಟ್ಟಗಿಟ್ಟುಕೊಂಡು, ಮಂಡಿ ಮಡಚಿ, ಲಿಫ್ಟ್ ಇಳಿದ ಹಾಗೆ ಸೀದಾ ಕೆಳಗಿಳಿದು ಕೈಯಾಡಿಸಬೇಕು. ಅಷ್ಟರಲ್ಲಿ ಕೋಳಿ ಸೌಟು ನೆಕ್ಕಿ ಮುಗಿಸಿರುತ್ತದೆ.

ಹೊರಗಿನ ಲಂಗ ಮಾತ್ರ ಉಣ್ಣೆಯದೇ ಆಗಬೇಕು. ಕಿಡಿ ಬಿದ್ದರೆ ಹತ್ತಿ ಭಗ್ಗನೆ ಹತ್ತಿಕೊಳ್ಳುತ್ತದೆ. ಉಣ್ಣೆ ಕಮರಿ, ಕೂದಲು ಸುಟ್ಟ ವಾಸನೆ ಹೊಡೆದು, ತಾನೇ ಆರುತ್ತದೆ. ಒಮ್ಮೆ ನಾನು ಜೋರಾಗಿ ಪಾಠ ಹೇಳುತ್ತಿರುವಾಗಲೇ ಆ ವಾಸನೆ ಬಂತು. "ಏನು ಅಡುಗೆ ಇವತ್ತು?" ಅಂತ ಒಬ್ಬರು ಮೂಗರಳಿಸಿದರು. ನಾನೇ ಅಂತ ಹೇಗೆ ಹೇಳಲಿ?

ಇನ್ನು ಪ್ರಶ್ನೆಗಳು. "ಸೆಖೆ ಆಗಲ್ವಾ?" ಅನ್ನುವುದು ದಿನಾ ಇದ್ದದ್ದೇ. ಹೊಗೆಗೆ ನನ್ನ ಕಣ್ಣು ಮೂಗೆಲ್ಲ ಸುರಿಯುತ್ತಿದ್ದರೂ "ಅದು ನಿಜವಾದ ಬೆಂಕಿನಾ?" ಅಂತ ಕೇಳಿ, ಮುಟ್ಟಿ ನೋಡಲು ಕೈ ಚಾಚುವವರೂ ಇದ್ದಾರೆ. ಒಬ್ಬ ಪೋರ ಮೊಬೈಲನ್ನು ಮುಖದ ಹತ್ತಿರ ಹಿಡಿದು, "ಇದೇನು ಗೊತ್ತಾ?" ಅಂದ. ನಾನು ಬೆರಗಾಗಬೇಕಿತ್ತು ಪಾಪ. ನಮ್ಮಲ್ಲಿ ವೇಷ ಮಾತ್ರ ಹಳೇದು, ಮಾತು ಈ ಕಾಲದ್ದೇ. "ಗೊತ್ತು ಕಂದಾ, ನಿಂದು ಹಳೇ ಮಾಡೆಲ್ಲು," ಅಂದೆ. ಮುಖ ಸಣ್ಣದಾಯಿತು.

ಜುಲೈ ಸೆಖೆಗೆ ಬೆಣ್ಣೆಯೂ ಮುಷ್ಕರ ಹೂಡಿತು. ಕೆನೆ 15 ಡಿಗ್ರಿ ಆಸುಪಾಸು ಇದ್ದರೆ ಬೆಣ್ಣೆ ಬರುತ್ತದೆ. ಜಾಸ್ತಿಯಾದರೆ ಎಷ್ಟು ಕುಟ್ಟಿದರೂ ಗಟ್ಟಿ ಬೆಣ್ಣೆ ಕೂಡುವುದಿಲ್ಲ. ಹಾಸನದ ನಮ್ಮಜ್ಜಿ ನಸುಕಿನಲ್ಲೇ ಕಡೆಗೋಲು ಹಿಡಿಯುತ್ತಿದ್ದುದು ಸುಮ್ನೆ ಅಲ್ಲ. ಬಾವಿನೀರಲ್ಲಿ ಬಟ್ಟೆ ಅದ್ದಿ, ಕೆನೆ ಕಡೆಯುವ ಪೀಪಾಯಿಗೆ ಸುತ್ತಿದೆ. ಬೆಣ್ಣೆ ಬಂತು! ಮೇಲಿನವರು "ಯಾವ ಪುಸ್ತಕದಲ್ಲಿದೆ ಇದು?" ಅಂದರು. "ಅಜ್ಜಿ," ಅಂದೆ. "ಮೌಖಿಕ ಆಧಾರ" ಅಂತ ಗಂಭೀರವಾಗಿ ಬರೆದುಕೊಂಡರು.

ಆ ಕಾಲದ ಹೆಂಗಸರ ಜೇಬು ಬಟ್ಟೆಗೆ ಹೊಲಿದಿರುತ್ತಿರಲಿಲ್ಲ. ಲಂಗದ ಕೆಳಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಬೇರೆ ಚೀಲ ಅದು. ತುರ್ತಿಗಿರಲಿ ಅಂತ ಅದರೊಳಗೆ ಮೊಬೈಲ್ ಇಡಲು ಒಪ್ಪಿಗೆ ಇತ್ತು. ಇಲ್ಲಿ ಬೆಳಿಗ್ಗೆ ಹತ್ತೂವರೆ ಅಂದರೆ ಊರಲ್ಲಿ ರಾತ್ರಿ ಎಂಟು, ಅಮ್ಮನ ಊಟ ಮುಗಿಯುವ ಹೊತ್ತು. ಲಂಗದೊಳಗೆ ಗುಂಯ್‌ಗುಟ್ಟಿತು. ಎದುರಿಗಿದ್ದ ಅಜ್ಜಿಯೊಬ್ಬರು "ಜೇನು!" ಅಂತ ಹಿಂದೆ ಸರಿದರು. "ಹೌದು, ಈ ಜೇನುಹುಳ ಇಲ್ಲಿನದಲ್ಲ. 1622ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ವರ್ಜೀನಿಯಾಕ್ಕೆ ಬಂತು..." ಅಂತ ಶುರು ಮಾಡಿದೆ. ಅಮ್ಮ ಫೋನ್ ಇಡುವ ತನಕ ಜೇನಿನ ಇತಿಹಾಸವೂ ನಿಲ್ಲಲಿಲ್ಲ.

ಕೆಲಸ ಮುಗಿದ ಮೇಲೆ ಫೋಟೊ ಕಳಿಸಿದೆ. ಬೆಳಿಗ್ಗೆ ಎದ್ದವಳೇ ಅಮ್ಮ ಫೋನ್ ಮಾಡಿದಳು.

"ಇಲ್ಲಿ ನಾವು ಒಲೆ ಕಿತ್ತು ಗ್ಯಾಸ್ ಹಾಕಿಸಿಕೊಂಡ್ವಿ. ನೀನು ಸಾಲ ಮಾಡಿ ಅಮೆರಿಕಕ್ಕೆ ಹೋಗಿ ಒಲೆ ಊದ್ತಿದೀಯಾ?"

"ಇಂಟರ್ನ್‌ಶಿಪ್ ಅಮ್ಮಾ."

"ಏನೋ ಒಂದು. ಪಕ್ಕದ ಮನೆಯವರು ಕೇಳಿದ್ರು, ಯಾವುದೋ ಡೇರಿ ಪ್ರಾಜೆಕ್ಟ್‌ನಲ್ಲಿದಾಳೆ ಅಂದಿದೀನಿ. ಆ ಫೋಟೊ ಮಾತ್ರ ಸ್ಟೇಟಸ್‌ಗೆ ಹಾಕಬೇಡ."