ಬೀಗರು ಬಂದರು, ಮನೆಯವರು ಹಿತ್ತಲಿಗೆ ಹೋಗಿ

ದಕ್ಷಿಣ ಆಫ್ರಿಕಾದಲ್ಲಿ ನಡೆದ 2010ರ ಫುಟ್‌ಬಾಲ್ ವಿಶ್ವಕಪ್ ನೆನಪಿದೆಯಾ? ಟಿವಿ ಹಾಕಿದರೆ ಸಾಕು, ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್ ಅನ್ನೋ ಸದ್ದು. ವುವುಝೆಲಾ ಅನ್ನೋ ಉದ್ದನೆ ಪ್ಲಾಸ್ಟಿಕ್ ಪೀಪಿ! ನಾವೇನೋ ಮ್ಯೂಟ್ ಒತ್ತಿ ಪಾರಾದೆವು. ಆದರೆ ಕೇಪ್‌ಟೌನ್ ವಿಮಾನ ನಿಲ್ದಾಣದಿಂದ ಸ್ವಲ್ಪವೇ ದೂರದ ಬ್ಲಿಕಿಸ್‌ಡಾರ್ಪ್‌ನಲ್ಲಿ ಒಂದು ಸಂಸಾರ ಇದೆ ಅಂದುಕೊಳ್ಳಿ. ಊರಿನ ಹೆಸರಿನ ಅರ್ಥವೇ ತಗಡಿನ ಡಬ್ಬಿಗಳ ಊರು. ಮನೆ 6 ಮೀಟರ್ ಉದ್ದ, 3 ಮೀಟರ್ ಅಗಲ, ಅಂದರೆ ನಮ್ಮ ಕಡೆ ಒಂದು ಕಾರು ನಿಲ್ಲಿಸೋ ಶೆಡ್ಡು. ಅದರೊಳಗೆ ಅಪ್ಪ, ಅಮ್ಮ, ಅಜ್ಜಿ, ಮೂರು ಮಕ್ಕಳು. ಹೊರಗೆ ಜೂನ್ ತಿಂಗಳ ಚಳಿ, ಮಳೆ, ಅಲ್ಲಿ ಆಗಲೇ ಚಳಿಗಾಲ. ವಿಶ್ವಕಪ್ ಅಂತ ಶಾಲೆಗೆ ಒಂದು ತಿಂಗಳಿಗೂ ಜಾಸ್ತಿ ರಜೆ. ಚಿಕ್ಕ ಹುಡುಗನ ಕೈಗೆ ಯಾರೋ ಪುಣ್ಯಾತ್ಮರು ವುವುಝೆಲಾ ಕೊಟ್ಟಿದ್ದಾರೆ. ಸರ್ಕಾರಿ ಕಾಗದದಲ್ಲಿ ಆ ಜಾಗಕ್ಕೆ ಸಿಂಫನಿ ವೇ, ಅಂದರೆ ವಾದ್ಯಮೇಳದ ದಾರಿ ಅಂತ ಹೆಸರು, ಸುಮ್ನೆ ಅಲ್ಲ!

ಸರ್ಕಾರ 2008ರಲ್ಲಿ ಇದನ್ನು 'ತಾತ್ಕಾಲಿಕ' ಅಂತ ಕಟ್ಟಿತು. ನಾಲ್ಕು ಮನೆಗೆ ಒಂದು ಕಕ್ಕಸು, ಒಂದು ನಲ್ಲಿ. ವಿಶ್ವಕಪ್‌ಗೆ ಊರು ಚೆಂದ ಕಾಣಲಿ ಅಂತ ನಮ್ಮನ್ನು ಇಲ್ಲಿ ತಂದು ಹಾಕಿದರು ಅಂತ ಅಲ್ಲಿನ ಜನ ಹೇಳಿದರು. ಛೆ ಛೆ, ಹಾಗೇನಿಲ್ಲ ಅಂತ ನಗರಾಡಳಿತ ಹೇಳಿತು. ಯಾರ ಮಾತು ನಂಬೋದು ಅಂತ ನೀವೇ ನೋಡಿ. ನಾನು ಮದುವೆ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಗಂಡಿನ ಕಡೆಯವರು ಬರೋ ದಿನ ಹರಿದ ಚಾಪೆ, ಕೆಮ್ಮೋ ಮುದುಕ, ಸಾಲ ಕೇಳೋ ಷಡ್ಡಕ ಎಲ್ಲರೂ ಹಿತ್ತಲ ಕೋಣೆಗೇ ಹೋಗೋದು.

ಇಲ್ಲಿ ಬೀಗರು ಅಂದರೆ ವಿಶ್ವಕಪ್ ನಡೆಸೋ ಸಂಸ್ಥೆ ಫಿಫಾ. ಮೊದಲು ಅಥ್ಲೋನ್ ಅನ್ನೋ ಕಡೆ ಪಂದ್ಯ ನಡೆಸುವ ಮಾತಿತ್ತು. ಅದು ಬಡವರೇ ಜಾಸ್ತಿ ಇರುವ ಭಾಗ, ಅಲ್ಲಿನವರಿಗೆ ಫುಟ್‌ಬಾಲ್ ಅಂದರೆ ಪ್ರಾಣ. ಆದರೆ ಕೋಟಿಗಟ್ಟಲೆ ಜನ ಟಿವಿ ನೋಡುವಾಗ ಗುಡಿಸಲು ಕಾಣಬಾರದು ಅಂತ ಫಿಫಾ ಕಡೆಯವರೊಬ್ಬರು ಹೇಳಿದರೆಂದು ಅಲ್ಲಿನ ಪತ್ರಿಕೆ ಬರೆಯಿತು. ಸರಿ, ಮಂಟಪ, ಅಂದರೆ ಸ್ಟೇಡಿಯಂ, ಅದೇ ಊರಿನ ಗ್ರೀನ್ ಪಾಯಿಂಟ್‌ಗೆ ಹೋಯಿತು. ಹಿಂದೆ ಬೆಟ್ಟ, ಮುಂದೆ ಸಮುದ್ರ. ಖರ್ಚು ಅಲ್ಲಿನ ದುಡ್ಡಲ್ಲಿ 400 ಕೋಟಿ ರ‍್ಯಾಂಡ್‌ಗೂ ಜಾಸ್ತಿ, ನಡೆದದ್ದು 8 ಪಂದ್ಯ. ಖರ್ಚು ಹೆಣ್ಣಿನ ಕಡೆಯವರದ್ದು, ಮುಯ್ಯಿ ಕವರು ಮಾತ್ರ ಬೀಗರ ಜೇಬಿಗೆ, ಅದೂ ತೆರಿಗೆ ಇಲ್ಲದೆ!

ಸ್ಟೇಡಿಯಂ ಹತ್ತಿರ ಫೆಟ್‌ಕುಕ್ ಮಾರಿದರೆ ನಾಲ್ಕು ಕಾಸು ಬರುತ್ತೆ ಅಂತ ಆ ತಗಡಿನ ಮನೆಯ ಅಮ್ಮನ ಲೆಕ್ಕ. ಅದು ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಮಂಗಳೂರು ಬನ್ಸಿನ ದೂರದ ದಾಯಾದಿ. ಆದರೆ ಸ್ಟೇಡಿಯಂ ಸುತ್ತ ಗೆರೆ ಎಳೆದಿದ್ದಾರೆ, ಒಳಗೆ ಪ್ರಾಯೋಜಕರ ಮಾಲು ಮಾತ್ರ. 'ವಿಶ್ವಕಪ್ ಫೆಟ್‌ಕುಕ್' ಅಂತ ಬೋರ್ಡ್ ಹಾಕೋಣ ಅಂದರೆ ಆ ಹೆಸರೂ ಫಿಫಾದ್ದೇ. ನಮ್ಮ ಅಜ್ಜಿಯರು ಗಂಡನ ಹೆಸರು ಬಾಯಿಬಿಟ್ಟು ಹೇಳದೆ 'ಅವರು, ಅವರು' ಅಂತಿದ್ದರಲ್ಲ, ಹಾಗೇ ಕುಲುಲಾ ಅನ್ನೋ ವಿಮಾನ ಕಂಪನಿ ಹೆಸರೇ ಎತ್ತದೆ 'ಅದೇ, ನಿಮಗೆ ಗೊತ್ತಲ್ಲ, ಅದರ ಅನಧಿಕೃತ ವಿಮಾನ' ಅಂತ ಜಾಹೀರಾತು ಕೊಟ್ಟಿತು. ಫಿಫಾ ಅದನ್ನೂ ತೆಗೆಸಿತು.

ಇನ್ನು ಬೀಗರ ಜೇಬಿಗೆ ಯಾರಾದರೂ ಕೈ ಹಾಕಿದರೆ? ಅದಕ್ಕೆ ಅಂತಲೇ 56 ವಿಶೇಷ ಕೋರ್ಟು. ವಿದೇಶಿ ಪತ್ರಕರ್ತರನ್ನು ದೋಚಿದವರಿಗೆ ಎರಡೇ ದಿನದಲ್ಲಿ 15 ವರ್ಷ ಜೈಲು ಆಯಿತು. ಎಷ್ಟು ಚುರುಕು ನೋಡಿ! ತಗಡಿನ ಮನೆಯ 'ತಾತ್ಕಾಲಿಕ' ಎಷ್ಟು ದಿನ ಅಂತ ಕೇಳೋಕೆ ಮಾತ್ರ 57ನೇ ಕೋರ್ಟು ಇರಲಿಲ್ಲ.

ಸುಳ್ಳು ಹೇಳಬಾರದು, ಸ್ಥಳೀಯರಿಗೆ ಅಂತಲೇ 140 ರ‍್ಯಾಂಡಿನ ಟಿಕೆಟ್ ಇತ್ತು. ಆರು ಜನಕ್ಕೆ 840. ಅಜ್ಜಿಗೆ ಬರೋ ವೃದ್ಧಾಪ್ಯ ಪಿಂಚಣಿ ಆ ವರ್ಷ ತಿಂಗಳಿಗೆ 1,080. ಬಸ್ ಚಾರ್ಜು ಕಳೆದು ಉಳಿದದ್ದರಲ್ಲಿ ಆರು ಜನ ತಿಂಗಳು ಪೂರ್ತಿ ವುವುಝೆಲಾ ಊದಿಕೊಂಡು ಇರಬಹುದಿತ್ತು.

ಹಾಗಾಗಿ ಮನೆಯಲ್ಲೇ ಟಿವಿ. ಕರೆಂಟು ಪ್ರೀಪೇಯ್ಡ್, ಮೊದಲೇ ದುಡ್ಡು ಕಟ್ಟಬೇಕು, ಮುಗಿಯುತ್ತಾ ಬಂದರೆ ಮೀಟರ್ ಬಡ್ಕೊಳ್ಳುತ್ತೆ. ಮೊದಲಾರ್ಧ ನೋಡಿದರೆ ಅಡುಗೆ ಇಲ್ಲ, ಅಡುಗೆ ಮಾಡಿದರೆ ದ್ವಿತೀಯಾರ್ಧ ಇಲ್ಲ. ಜೂನ್ 18ರ ರಾತ್ರಿ, ಅದೇ ಗ್ರೀನ್ ಪಾಯಿಂಟ್‌ನಲ್ಲಿ ಇಂಗ್ಲೆಂಡ್ ಮತ್ತು ಅಲ್ಜೀರಿಯಾ ಆಟ. 0-0, ಆಕಳಿಕೆ ಬರೋ ಪಂದ್ಯ. ನಡುವೆ ಒಂದು ಹಕ್ಕಿ ಬಂದು ಗೋಲಿನ ಬಲೆಯ ಮೇಲೆ ಆರಾಮಾಗಿ ಕೂತುಬಿಟ್ಟಿತು. ಚೆಂಡು ಆ ಕಡೆ ಬರೋ ಭಯವೇ ಇಲ್ಲವಲ್ಲ!

"ಅಮ್ಮಾ, ಅದಕ್ಕೆ ಟಿಕೆಟ್ ಯಾರು ಕೊಡಿಸಿದ್ರು?" ಅಂದ ಚಿಕ್ಕವನು.

ಅಮ್ಮ ಮೀಟರಿನ ಕಡೆ ನೋಡಿ, "ಮೊದಲು ಆ ಪೀಪಿ ಕೆಳಗಿಡು, ಮೀಟರ್ ಬಡ್ಕೊಳ್ತಿದೆಯಾ ಕೇಳೋಣ" ಅಂದಳು.